ಶಾಲು ಮಡಚಿಡ್ರಿ, ಕುರ್ಚಿ ತಿರುಗಿಸ್ರಿ

ಜುಲೈ ಬಂತೆಂದರೆ ನಮ್ಮಂಥ ವರದಿಗಾರರ ಫೋನಿಗೆ ಆಮಂತ್ರಣ ಪತ್ರಿಕೆಗಳು ಬರತೊಡಗುತ್ತವೆ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಶುರು ಮಾಡಿದ್ದರ ನೆನಪಿಗೆ ಪತ್ರಿಕಾ ದಿನಾಚರಣೆ. ಅತಿಥಿಗಳ ದಿನಾಂಕ ಸಿಗಬೇಕಲ್ಲ, ಹಾಗಾಗಿ ಈ ದಿನಾಚರಣೆ ಒಂದೊಂದು ಊರಲ್ಲಿ ಒಂದೊಂದು ದಿನ, ತಿಂಗಳಿಡೀ ನಡೆಯುತ್ತದೆ.

ಅಂಥದ್ದೊಂದು ಕಾರ್ಯಕ್ರಮಕ್ಕೆ ಗಳಗನಾಥದ ಕಡೆಯಿಂದ ನಾವು ಮೂವರು ಹೋಗಿದ್ದೆವು. ಗುತ್ತಲದವರೆಗೆ ಬೈಕು, ಅಲ್ಲಿಂದ ಬಸ್ಸು. ಯಾವ ಊರು, ಯಾವ ಸಂಘ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಜಗಳ ಒಂದು ಸಂಘದ ಜೊತೆ ಆಗುತ್ತದೆ. ರೋಗ ಮಾತ್ರ ಎಲ್ಲರದು, ನಮ್ಮದೂ ಸೇರಿ.

ಹಿಂದಿನ ಸಾಲಿನಲ್ಲಿ ಕೂತು ನಾವು ಫೋನಿನ ಸ್ಟಾಪ್‌ವಾಚ್ ಒತ್ತಿದೆವು. ಪತ್ರಿಕೆಯಲ್ಲಿ ಹಾಕಿದ್ದ ಸಮಯ ಬೆಳಿಗ್ಗೆ 10.30. ಶುರುವಾಗಿದ್ದು 12.10ಕ್ಕೆ. ವೇದಿಕೆ ಮೇಲೆ 19 ಜನ. ಪ್ರಾರ್ಥನೆ, ಸ್ವಾಗತ, ಹೂಗುಚ್ಛ ಸೇರಿ 22 ನಿಮಿಷ. 14 ಮಂದಿಗೆ ಸನ್ಮಾನ, ಅದಕ್ಕೆ 38 ನಿಮಿಷ. ಭಾಷಣಗಳು 105 ನಿಮಿಷ. ಅದರಲ್ಲಿ ಪ್ರತಿಯೊಬ್ಬರೂ ‘ವೇದಿಕೆ ಮೇಲೆ ಆಸೀನರಾಗಿರುವ’ ಉಳಿದ ಎಲ್ಲರ ಹೆಸರನ್ನು ಮತ್ತೊಮ್ಮೆ ಓದಿದರು. ವಂದನಾರ್ಪಣೆ 5 ನಿಮಿಷ. ಗಂಟೆ ಮೂರು.

ಆಮಂತ್ರಣ ಪತ್ರಿಕೆಯಲ್ಲಿ ಇನ್ನೊಂದು ಸಾಲು ಇತ್ತು: ‘ಸಂವಾದ’. ಅದಕ್ಕೆ ಸಿಕ್ಕ ಸಮಯ ಸೊನ್ನೆ ನಿಮಿಷ. “ಸಮಯದ ಅಭಾವದಿಂದ ಸಂವಾದ ಕೈಬಿಡಲಾಗಿದೆ, ಎಲ್ಲರೂ ಊಟ ಮಾಡಿಕೊಂಡು ಹೋಗಬೇಕು” ಅಂತ ಮೈಕಿನಲ್ಲಿ ಹೇಳಿದರು.

ಸಭಾಂಗಣದಲ್ಲಿ ಸುಮಾರು 120 ಜನ ಇದ್ದೆವು. ಅದರಲ್ಲಿ ಹೆಣ್ಣುಮಕ್ಕಳು ನಾಲ್ವರು. ಎರಡು ಮುಕ್ಕಾಲು ಗಂಟೆಗೂ ಹೆಚ್ಚು ಹೊತ್ತು ಪ್ರತಿಯೊಬ್ಬರೂ ತಮ್ಮ ಮುಂದಿನವರ ಹಿಂದಲೆ ನೋಡುತ್ತ ಕೂತಿದ್ದೆವು.

ಊಟದ ಸಾಲಿನಲ್ಲಿ ಸಿಕ್ಕ ಸುದ್ದಿ

ಆಮೇಲೆ ಊಟಕ್ಕೆ ನಿಂತೆವು. ರೊಟ್ಟಿ, ಬದನೆಕಾಯಿ ಪಲ್ಯ. ಸಾಲು ಉದ್ದ ಇತ್ತು. ಮುಂದೆ ನಿಂತವರು ಹಿರೇಕೆರೂರು ಕಡೆಯ ವರದಿಗಾರರು. ಮುಖ ಪರಿಚಯವೂ ಇರಲಿಲ್ಲ. ಮಳೆ ಹೇಗಿದೆ, ಬಿತ್ತನೆ ಆಯಿತಾ ಎಂಬ ಮಾತು ಹಾಗೇ ಮೆಕ್ಕೆಜೋಳಕ್ಕೆ ಬಂತು. ನಮ್ಮಲ್ಲೊಬ್ಬರು ಅಂದರು, “ಹೋದ ವರ್ಷ ನಮ್ಮ ಹೋಬಳಿಯಾಗ ತೆನಿ ಬಂದ್ರೂ ಕಾಳ ಕಟ್ಟಲಿಲ್ಲ. ಬರದಿದ್ದೆ, ಎಂಟು ಸಾಲಿಗೆ ಕತ್ತರಿಸಿ ಐದನೇ ಪುಟಕ್ಕ ಹಾಕಿದ್ರು.”

ಅವರು ತಟ್ಟೆ ಹಿಡಿದುಕೊಂಡೇ ತಿರುಗಿದರು. “ಅಲ್ರೀ, ನಮ್ಮ ಕಡೆನೂ ಅದ ಆಗಿತ್ತು. ನಾನೂ ಬರದಿದ್ದೆ.”

ಇಬ್ಬರೂ ಫೋನು ತೆಗೆದರು. ಇಬ್ಬರ ಗ್ಯಾಲರಿಯಲ್ಲೂ ಖಾಲಿ ಬೀಜದ ಚೀಲದ ಫೋಟೊ ಇತ್ತು. ಚೀಲದ ಮೇಲಿನ ಲಾಟ್ ನಂಬರ್ ಒಂದೇ. ಅಷ್ಟರಲ್ಲಿ ಬ್ಯಾಡಗಿ ಕಡೆಯವರೊಬ್ಬರು ಇಣುಕಿ ನೋಡಿ, “ಇದ ನಂಬರ್ ನಮ್ಮಲ್ಲೂ ಬಂದಿತ್ತು” ಅಂದರು.

ಮೂರು ತಾಲ್ಲೂಕು, ಒಂದೇ ಲಾಟು. ಸೆಪ್ಟೆಂಬರಿನಲ್ಲಿ ಬೆಳೆ ಹೊಲದಲ್ಲಿ ನಿಂತಿದ್ದಾಗ ನಾವು ಮೂವರೂ ಒಬ್ಬರಿಗೊಬ್ಬರು ಗೊತ್ತಿದ್ದಿದ್ದರೆ ಅದು ಎಂಟೆಂಟು ಸಾಲಿನ ಮೂರು ಸುದ್ದಿ ಆಗುತ್ತಿರಲಿಲ್ಲ. ಜಿಲ್ಲೆಯ ಸುದ್ದಿ ಆಗುತ್ತಿತ್ತು. ಕೃಷಿ ಇಲಾಖೆಯವರು ಹೊಲಕ್ಕೆ ಬಂದು ಬೆಳೆ ನೋಡಲೇಬೇಕಾಗುತ್ತಿತ್ತು. ಬೀಜ ಖರೀದಿಸಿದ ರೈತನೂ ಗ್ರಾಹಕನೇ, ಕಳಪೆ ಬೀಜದ ನಷ್ಟಕ್ಕೆ ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದು ಎಂದು 2012ರಲ್ಲೇ ಸುಪ್ರೀಂ ಕೋರ್ಟು ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಹೇಳಿದೆ. ಆದರೆ ಹೋಗುವುದಕ್ಕೆ ಸಾಕ್ಷಿ ಬೇಕು: ಬಿಲ್ಲು, ಚೀಲ, ಅದರ ಚೀಟಿ, ನಿಂತ ಬೆಳೆಯ ಪರಿಶೀಲನಾ ವರದಿ. ನಾವು ಊಟದ ಸಾಲಿನಲ್ಲಿ ಭೇಟಿಯಾದಾಗ ಜುಲೈ. ಆ ಬೆಳೆ ಯಾವಾಗಲೋ ದನದ ಹೊಟ್ಟೆ ಸೇರಿತ್ತು. ರೈತರು ಸಾಲ ಮಾಡಿ ಹೊಸ ಬೀಜ ಬಿತ್ತಿದ್ದರು.

ವಾಪಸ್ ಬಸ್ಸಿನಲ್ಲಿ ನಮಗೆ ಹೊಟ್ಟೆ ಉರಿಯಿತು. ಯಾಕೆಂದರೆ ಆ ಮೂವರೂ ಹಿಂದಿನ ವರ್ಷದ ಜುಲೈನಲ್ಲೂ ಇಂಥದ್ದೇ ಒಂದು ಸಭಾಂಗಣದಲ್ಲಿ, ಇಂಥದ್ದೇ ಕುರ್ಚಿಯಲ್ಲಿ ಕೂತಿದ್ದರಂತೆ. ಆಗ ಪರಿಚಯ ಆಗಿದ್ದರೆ ಸೆಪ್ಟೆಂಬರಿನಲ್ಲಿ ಒಂದು ಫೋನು ಸಾಕಿತ್ತು. ಅವತ್ತೂ 14 ಮಂದಿಗೋ 16 ಮಂದಿಗೋ ಸನ್ಮಾನ ಆಗಿರಬೇಕು.

ಅದಕ್ಕೇ ಈ ಬರಹ. ಜನ ಸೇರಿಸುವುದು ಬೇರೆ, ಸೇರಿದ ಜನರನ್ನು ಒಬ್ಬರಿಗೊಬ್ಬರು ಭೇಟಿ ಮಾಡಿಸುವುದು ಬೇರೆ. ನಮ್ಮ ಕಡೆ ಮೊದಲನೆಯದು ಭರ್ಜರಿಯಾಗಿ ನಡೆಯುತ್ತಿದೆ. ಎರಡನೆಯದು ನಡೆಯುತ್ತಲೇ ಇಲ್ಲ. ನಡೆಯದ ಹಾಗೆ ಕಾರ್ಯಕ್ರಮವನ್ನು ಕಟ್ಟುತ್ತಿದ್ದೇವೆ ಅನ್ನುವುದೇ ನಮ್ಮ ದೂರು.

ಪತ್ರಕರ್ತರ ರೋಗ ಮಾತ್ರ ಅಲ್ಲ

“ಅದು ನಿಮ್ಮ ಪತ್ರಕರ್ತರ ಹಣೆಬರಹ, ನಮಗೇನು?” ಅಂತ ನೀವು ಕೇಳಬಹುದು. ನಿಮ್ಮ ಹಾಲಿನ ಸಂಘದ ವಾರ್ಷಿಕ ಸಭೆ ನೆನಪಿಸಿಕೊಳ್ಳಿ. ರೈತ ಉತ್ಪಾದಕ ಕಂಪನಿಯ ಷೇರುದಾರರ ಸಭೆ, ಶಿಕ್ಷಕರ ಕಾರ್ಯಾಗಾರ, ಆಶಾ ಕಾರ್ಯಕರ್ತೆಯರ ಸಮಾವೇಶ, ರೈತರಿಗೆ ಒಂದು ದಿನದ ತರಬೇತಿ. ಎಲ್ಲ ಕಡೆ ನಕ್ಷೆ ಒಂದೇ. ಮುಂದೆ ಎತ್ತರದ ಕಟ್ಟೆ, ಅದರ ಮೇಲೆ ಸೋಫಾ. ಕೆಳಗೆ ಪ್ಲಾಸ್ಟಿಕ್ ಕುರ್ಚಿಯ ಸಾಲು. ಮಾತು ಮೇಲಿನಿಂದ ಕೆಳಗೆ ಬರುತ್ತದೆ, ಕೆಳಗಿನಿಂದ ಚಪ್ಪಾಳೆ ಮೇಲೆ ಹೋಗುತ್ತದೆ. ಪಕ್ಕದ ಕುರ್ಚಿಯಿಂದ ಪಕ್ಕದ ಕುರ್ಚಿಗೆ ಹೋಗುವ ಮಾತಿಗೆ ಹೆಸರು ‘ಗದ್ದಲ’. “ದಯವಿಟ್ಟು ಶಾಂತವಾಗಿರಿ” ಅಂತ ನಿರೂಪಕರು ಗದರಿಸುತ್ತಾರೆ.

2023ರ ಜನವರಿ 6ರಿಂದ 8ರವರೆಗೆ ಹಾವೇರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ದೊಡ್ಡರಂಗೇಗೌಡರು ಅಧ್ಯಕ್ಷರು. ಪ್ರಧಾನ ವೇದಿಕೆಗೆ ಕನಕ, ಶರೀಫ, ಸರ್ವಜ್ಞರ ಹೆಸರು. ಮೂವರೂ ನಮ್ಮ ಜಿಲ್ಲೆಯವರು ಅಂತ ನಮಗೆ ಹೆಮ್ಮೆ. ನಾಡಿನ ಮೂಲೆಮೂಲೆಯಿಂದ ಓದುವವರು, ಬರೆಯುವವರು, ಪುಸ್ತಕ ಅಚ್ಚು ಹಾಕುವವರು, ಕನ್ನಡ ಮೇಷ್ಟ್ರುಗಳು ಮೂರು ದಿನ ಒಂದೇ ಬಯಲಿನಲ್ಲಿ ಇದ್ದರು. ಬ್ಯಾಡಗಿಯಲ್ಲಿ ಕತೆ ಬರೆಯುವ ಹುಡುಗಿಗೆ ಬೀದರಿನ ಪ್ರಕಾಶಕ ಸಿಗುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದು ಇರಲಿಕ್ಕಿಲ್ಲ. ಆದರೆ ಆ ಭೇಟಿಯ ಏರ್ಪಾಡು ಮಾಡಿದ್ದು ಯಾರು? ಭೇಟಿ ಆದವರಿಗೆ ಆದದ್ದು ಪುಸ್ತಕ ಮಳಿಗೆಯ ಮುಂದೆ, ಚಹಾದ ಅಂಗಡಿಯಲ್ಲಿ, ಊಟದ ಪೆಂಡಾಲಿನಲ್ಲಿ. ಆದ ಭೇಟಿಗಳೆಲ್ಲ ಅದೃಷ್ಟದ ಮೇಲೆ ಆದವು. 1915ರಲ್ಲಿ ಬೆಂಗಳೂರಿನಲ್ಲಿ ಮೊದಲ ಸಮ್ಮೇಳನ ಸೇರಿದಾಗ ಕನ್ನಡಿಗರು ನಾಲ್ಕಾರು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಧಾರವಾಡದವರಿಗೆ ಮೈಸೂರಿನವರ ಮುಖ ನೋಡುವುದೇ ದೊಡ್ಡ ಕೆಲಸವಾಗಿತ್ತು. ಮುಖಾಮುಖಿ ಆಗಬೇಕೆಂದೇ ಹುಟ್ಟಿದ ಕೂಟ ಅದು. ಈಗ ಮುಖಗಳೆಲ್ಲ ಒಂದೇ ದಿಕ್ಕಿಗೆ ತಿರುಗಿವೆ.

ಹೊರಗಿನವರು ಕಂಡುಕೊಂಡದ್ದು

ಇದು ನಮ್ಮೊಬ್ಬರ ಗೋಳಲ್ಲ. ಅಮೆರಿಕದಲ್ಲಿ ಹ್ಯಾರಿಸನ್ ಓವನ್ ಎಂಬಾತ 1980ರ ದಶಕದಲ್ಲಿ ಒಂದು ದೊಡ್ಡ ಸಮಾವೇಶ ಏರ್ಪಡಿಸಿದ. ಅದರ ತಯಾರಿಗೆ ಒಂದು ವರ್ಷ ಬಡಿದಾಡಿದ. ಮುಗಿದ ಮೇಲೆ ಬಂದವರು ಹೇಳಿದ್ದು, ಎಲ್ಲಕ್ಕಿಂತ ಉಪಯೋಗ ಆದದ್ದು ಕಾಫಿ ವಿರಾಮ ಅಂತ. ಅವನು ತಯಾರಿ ಮಾಡದೆ ಬಿಟ್ಟಿದ್ದು ಅದೊಂದನ್ನೇ. ಬೇರೆಯವರಾಗಿದ್ದರೆ ಸಿಟ್ಟು ಮಾಡಿಕೊಳ್ಳುತ್ತಿದ್ದರು. ಅವನು 1985ರಲ್ಲಿ ಇಡೀ ಸಮಾವೇಶವನ್ನೇ ಕಾಫಿ ವಿರಾಮದ ಹಾಗೆ ಮಾಡಿದ. ಕುರ್ಚಿಗಳನ್ನು ವರ್ತುಲದಲ್ಲಿ ಹಾಕಿಸಿದ, ಗೋಡೆಯನ್ನು ಖಾಲಿ ಬಿಟ್ಟ. ಯಾರಿಗೆ ಯಾವ ವಿಷಯ ಮಾತಾಡಬೇಕೋ ಅವರೇ ಎದ್ದು ಚೀಟಿ ಬರೆದು ಗೋಡೆಗೆ ಅಂಟಿಸಬೇಕು, ಆಸಕ್ತಿ ಇದ್ದವರು ಅಲ್ಲಿಗೆ ಹೋಗಿ ಕೂಡಬೇಕು. ಈ ಪದ್ಧತಿ ಆಮೇಲೆ ಎಷ್ಟೋ ದೇಶಗಳಿಗೆ ಹೋಯಿತು.

ಹಾಗಂತ ಬರೀ ಚಹಾದ ವಿರಾಮ ಉದ್ದ ಮಾಡಿದರೆ ಸಾಲದು. 2007ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಪಾಲ್ ಇಂಗ್ರಾಮ್, ಮೈಕಲ್ ಮಾರಿಸ್ ಎಂಬಿಬ್ಬರು ನ್ಯೂಯಾರ್ಕಿನಲ್ಲಿ ವ್ಯವಹಾರಸ್ಥರ ಒಂದು ಭೇಟಿ ಕೂಟದ ಅಧ್ಯಯನ ಪ್ರಕಟಿಸಿದರು. ಬಂದವರ ಎದೆಗೆ ಎಲೆಕ್ಟ್ರಾನಿಕ್ ಬಿಲ್ಲೆ ಕಟ್ಟಿ, ಯಾರು ಯಾರ ಜೊತೆ ಎಷ್ಟು ಹೊತ್ತು ನಿಂತರು ಎಂದು ಅಳೆದರು. ಹೊಸಬರನ್ನು ಪರಿಚಯ ಮಾಡಿಕೊಳ್ಳಬೇಕು ಅಂತ ಮೊದಲೇ ಹೇಳಿದ್ದವರು ಕೂಟದಲ್ಲಿ ಹಳೆಯ ಗೆಳೆಯರ ಹತ್ತಿರವೇ ಹೋಗಿ ನಿಲ್ಲುತ್ತಿದ್ದರು. ಸೂಟು ಹಾಕಿದ ಸಾಹೇಬರೇ ಹೀಗಾದರೆ ನಾವು ಗುತ್ತಲದವರು ಗುತ್ತಲದವರ ಜೊತೆ, ರಾಣೆಬೆನ್ನೂರಿನವರು ರಾಣೆಬೆನ್ನೂರಿನವರ ಜೊತೆ ಊಟಕ್ಕೆ ಕೂಡುವುದರಲ್ಲಿ ಆಶ್ಚರ್ಯವಿಲ್ಲ. ಹೊಸಬರ ಪಕ್ಕ ಕೂಡಿಸುವುದು ಸಂಘಟಕರ ಕೆಲಸ. ಅದು ತಾನಾಗಿಯೇ ಆಗುವುದಿಲ್ಲ.

ಹೊಸಬರೇ ಯಾಕೆ ಬೇಕು? ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞ 1973ರಲ್ಲಿ ಬರೆದ ಲೇಖನದಲ್ಲಿ ಇದಕ್ಕೆ ಉತ್ತರ ಇದೆ. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಅವನು ವಿಚಾರಿಸಿದ. ಪದೇಪದೇ ಭೇಟಿಯಾಗುವ ಆಪ್ತರಿಂದ ಕೆಲಸದ ಸುದ್ದಿ ಸಿಕ್ಕಿದ್ದು ನೂರಕ್ಕೆ ಹದಿನೇಳಕ್ಕಿಂತ ಕಡಿಮೆ ಜನರಿಗೆ. ಉಳಿದವರಿಗೆ ಆಗೊಮ್ಮೆ ಈಗೊಮ್ಮೆ ಕಾಣುವ, ಅಷ್ಟೇನೂ ಆಪ್ತರಲ್ಲದವರಿಂದ ಸಿಕ್ಕಿತ್ತು. ಕಾರಣ ಸರಳ. ನಿಮ್ಮ ಗೆಳೆಯರಿಗೆ ಗೊತ್ತಿರುವುದು ನಿಮಗೆ ಗೊತ್ತಿರುವುದೇ. ಹೊಸ ಸುದ್ದಿ ಬರುವುದು ಆಚೆ ಊರಿನ ಅರೆಪರಿಚಯದವರಿಂದ. ಆ ಹಿರೇಕೆರೂರಿನ ವರದಿಗಾರರು ನಮಗೆ ಅಂಥವರೇ.

ನಮ್ಮ ಕಡೆ ಇದು ಗೊತ್ತಿಲ್ಲದ್ದಲ್ಲ

ಇದನ್ನೆಲ್ಲ ಅಮೆರಿಕದಿಂದ ಕಲಿಯಬೇಕಾದ ಗತಿ ನಮಗಿಲ್ಲ.

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ಸುಗ್ಗಿಯಲ್ಲಿ ಹೋಗಿ ನೋಡಿ. ಸೋಮವಾರ, ಗುರುವಾರದ ವ್ಯಾಪಾರಕ್ಕೆ ಬಳ್ಳಾರಿ, ರಾಯಚೂರು ಕಡೆಯಿಂದ, ಆಂಧ್ರದಿಂದ ರೈತರು ಹಿಂದಿನ ರಾತ್ರಿಯೇ ಚೀಲದ ಜೊತೆ ಬಂದು ಮಲಗುತ್ತಾರೆ. ಪಕ್ಕದ ಚೀಲದವರು ಯಾರೋ ಎಲ್ಲಿಯವರೋ. ಯಾವ ತಳಿ, ಎಷ್ಟು ಇಳುವರಿ, ಮುರುಟು ರೋಗಕ್ಕೆ ಏನು ಹೊಡೆದಿರಿ, ಯಾವ ಅಂಗಡಿಯವರು ತೂಕದಲ್ಲಿ ಸಾಚಾ — ಬೆಳಗಾಗುವಷ್ಟರಲ್ಲಿ ಎಲ್ಲ ಮಾತಾಗಿರುತ್ತದೆ. ಒಂದು ತರಬೇತಿಯಲ್ಲಿ ಕಲಿಯದಷ್ಟನ್ನು ಒಂದು ರಾತ್ರಿ ಕಲಿಸುತ್ತದೆ. ಅಲ್ಲಿ ಉದ್ಘಾಟಕರಿಲ್ಲ.

ಹೊಳೆ ಆಚೆ ಮೈಲಾರದ ಜಾತ್ರೆ ನೋಡಿ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಡೆಂಕನಮರಡಿಯಲ್ಲಿ ಗೊರವಪ್ಪ ಬಿಲ್ಲು ಏರಿ “ಸದ್ದಲೇ” ಅನ್ನುತ್ತಾನೆ. ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಅವನು ಹೇಳುವುದು ಒಂದೇ ಒಂದು ಮಾತು. ಹೇಳಿದ ಕ್ಷಣವೇ ಕೆಳಗೆ ಬೀಳುತ್ತಾನೆ. ಆಮೇಲೆ ಶುರುವಾಗುವುದು ನಿಜವಾದ ಕಾರ್ಯಕ್ರಮ. ಆ ಒಂದು ಮಾತಿನ ಅರ್ಥ ಏನು, ಮಳೆಯೋ ಬರವೋ, ಸರ್ಕಾರ ಉಳಿಯುತ್ತದೋ ಬೀಳುತ್ತದೋ ಎಂದು ಬಂಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ, ಬಸ್ಸಿನಲ್ಲಿ, ಊರ ಕಟ್ಟೆಯಲ್ಲಿ ತಿಂಗಳುಗಟ್ಟಲೆ ಚರ್ಚೆ. ಮೇಲಿಂದ ಒಂದು ಮಾತು, ಕೆಳಗೆ ಸಾವಿರ ಮಾತು. ನಮ್ಮ ಸಭಾಂಗಣಗಳಲ್ಲಿ ಇದು ತಲೆಕೆಳಗಾಗಿದೆ. ಮೇಲಿಂದ ಸಾವಿರ ಮಾತು, ಕೆಳಗೆ ಸದ್ದಲೇ.

ಇನ್ನು ನಮ್ಮೂರ ಹೆಸರನ್ನೇ ಕಾವ್ಯನಾಮ ಮಾಡಿಕೊಂಡ ವೆಂಕಟೇಶ ತಿರಕೋ ಕುಲಕರ್ಣಿ (1869–1942). ಅಗಡಿಯಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ಯನ್ನು ಕಟ್ಟಿದವರು, ಕನ್ನಡಕ್ಕೆ ಕಾದಂಬರಿ ಓದುವ ರೂಢಿ ಹಚ್ಚಿದವರು. ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಗಳಗನಾಥರು ಇವರೇ. ಓದುಗ ತನ್ನ ಕಡೆ ಬರಲಿ ಎಂದು ವೇದಿಕೆ ಹಾಕಿ ಕೂರಲಿಲ್ಲ, ಓದುಗರ ಬಾಗಿಲಿಗೆ ತಾವೇ ಹೋದರು. ಅವರ ಹೆಸರಿನಲ್ಲಿ ಈಗ ಕಾರ್ಯಕ್ರಮ ಮಾಡುವ ನಾವು ಮೊದಲು ಹುಡುಕುವುದು ಸೋಫಾ ಬಾಡಿಗೆ ಕೊಡುವವರನ್ನು.

ಎದುರು ಬರುವ ಮಾತುಗಳು

ಇದನ್ನು ನಾವು ಕೆಲವು ಸಂಘಟಕರ ಮುಂದೆ ಹೇಳಿದ್ದೇವೆ. ಅವರು ದಡ್ಡರಲ್ಲ, ಅವರ ಮಾತಿನಲ್ಲೂ ಹುರುಳಿದೆ.

ಮೊದಲನೆಯ ಮಾತು: “ಅತಿಥಿಗಳಿಲ್ಲದಿದ್ದರೆ ಪೆಂಡಾಲಿನ ದುಡ್ಡು ಯಾರು ಕೊಡ್ತಾರ್ರೀ?” ಸತ್ಯ. ಊಟ ಹಾಕಿಸುವವರ ಹೆಸರು ಹೇಳಬೇಕು, ಹೇಳೋಣ. ಆದರೆ ಅದಕ್ಕೆ ಮುಕ್ಕಾಲು ಗಂಟೆ ಸಾಕು. 2021ರ ಆಗಸ್ಟಿನಲ್ಲಿ ಸರ್ಕಾರವೇ ತನ್ನ ಕಾರ್ಯಕ್ರಮಗಳಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿ ಬೇಡ, ಕೊಡುವುದಾದರೆ ಕನ್ನಡ ಪುಸ್ತಕ ಕೊಡಿ ಎಂದು ಸುತ್ತೋಲೆ ಹೊರಡಿಸಿತ್ತು. ಆಗ ಮುಖ್ಯಮಂತ್ರಿ ನಮ್ಮದೇ ಜಿಲ್ಲೆಯ ಶಿಗ್ಗಾವಿ ಶಾಸಕರು. ಸರ್ಕಾರಕ್ಕೇ ಬೇಡವಾದ ಶಾಲು ನಮಗ್ಯಾಕೆ ಇಷ್ಟು ಬೇಕು? ಒಂದು ಶಾಲು, ಹಾರ, ಫಲಕಕ್ಕೆ ಸೇರಿ ಐನೂರು ರೂಪಾಯಿ ಅಂತಲೇ ಹಿಡಿಯಿರಿ. 14 ಮಂದಿಗೆ ಏಳು ಸಾವಿರ. ದೂರದ ತಾಲ್ಲೂಕಿನಿಂದ ಬರುವವರ ಬಸ್ ಚಾರ್ಜಿಗೆ ಆ ದುಡ್ಡು ಧಾರಾಳ ಸಾಕು.

ಎರಡನೆಯ ಮಾತು: “ನಮ್ಮ ಮಂದಿ ಮಾತಾಡೂದಿಲ್ರೀ, ನಾಚ್ಕೋತಾರ.” ಇದನ್ನು ನಾವು ಒಪ್ಪುವುದಿಲ್ಲ. ಮುನ್ನೂರು ಜನರ ಎದುರು ಮೈಕು ಕೊಟ್ಟರೆ ಯಾರಾದರೂ ನಾಚಿಕೊಳ್ಳುತ್ತಾರೆ. ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು ವಾರದ ಸಭೆಗೆ ಚಾಪೆ ಹಾಸಿ ದುಂಡಗೆ ಕೂತು ಸಾಲದ ಲೆಕ್ಕವನ್ನು ಹೇಗೆ ಜಗಳಾಡಿ ಬಗೆಹರಿಸುತ್ತಾರೆ, ನೋಡಿದ್ದೀರಲ್ಲ? ಅದೇ ಹೆಣ್ಣುಮಕ್ಕಳು ಸಮಾವೇಶದ ಕುರ್ಚಿಯಲ್ಲಿ ಮೂಕರಾಗುತ್ತಾರೆ. ಹೆಣ್ಣುಮಕ್ಕಳು ಬದಲಾಗಿಲ್ಲ, ಕೂಡಿಸಿದ ರೀತಿ ಬದಲಾಗಿದೆ. ಇಂಡೊನೇಷ್ಯದಲ್ಲಿ 1989ರಲ್ಲಿ ಭತ್ತದ ಕೀಟಕ್ಕೆ ಔಷಧ ಹೊಡೆಯುವುದನ್ನು ಕಡಿಮೆ ಮಾಡಲು ರೈತರ ಹೊಲದ ಪಾಠಶಾಲೆ ಶುರು ಮಾಡಿದಾಗ ಭಾಷಣ ಇಡಲಿಲ್ಲ. ಇಪ್ಪತ್ತೈದರಷ್ಟು ರೈತರು ವಾರಕ್ಕೊಮ್ಮೆ ಗದ್ದೆಗೆ ಇಳಿದು, ಹುಳ ಎಣಿಸಿ, ಸಣ್ಣ ಗುಂಪುಗಳಲ್ಲಿ ಚಿತ್ರ ಬಿಡಿಸಿ, ಆಮೇಲೆ ಮಾತಾಡಿದರು. ಅದು ಜಗತ್ತಿನ ಎಷ್ಟೋ ಕಡೆ ಹರಡಿತು. ಓದು ಬರಹ ಕಡಿಮೆ ಇದ್ದವರೂ ಅಲ್ಲಿ ಮಾತಾಡಿದ್ದಾರೆ.

ಮೂರನೆಯ ಮಾತು ಎಲ್ಲಕ್ಕಿಂತ ಗಟ್ಟಿಯಾದದ್ದು: “ಪರಿಚಯ ಬೆಳೆಸೋದು ಅಂದ್ರ ವಶೀಲಿ ಬೆಳೆಸೋದು. ಪತ್ರಕರ್ತರಿಗೆ ಅದ ಬ್ಯಾಡ.” ಈ ಹೆದರಿಕೆ ಸುಳ್ಳಲ್ಲ. ಸಾಹೇಬರ ಪರಿಚಯ ಇದೆ ಅಂತ ಹೇಳಿಕೊಂಡು ವರ್ಗಾವಣೆ ಮಾಡಿಸಿಕೊಡುವ, ಬಿಲ್ಲು ಪಾಸು ಮಾಡಿಸಿಕೊಡುವ ಜನ ನಮ್ಮ ವೃತ್ತಿಯಲ್ಲೂ ಇದ್ದಾರೆ. ಆದರೆ ಈಗಿನ ಕಾರ್ಯಕ್ರಮದ ನಕ್ಷೆಯೇ ವಶೀಲಿಯ ನಕ್ಷೆ ಅಲ್ಲವೇ? ಕೆಳಗಿನ 120 ಜನಕ್ಕೆ ಒಬ್ಬರಿಗೊಬ್ಬರು ಪರಿಚಯ ಆಗಲು ಅವಕಾಶವಿಲ್ಲ. ಪರಿಚಯ ಆಗಬಹುದಾದದ್ದು ವೇದಿಕೆಯ ಮೇಲಿನವರದು ಮಾತ್ರ. ಅದಕ್ಕೇ ಕಾರ್ಯಕ್ರಮ ಮುಗಿದ ಕೂಡಲೇ ಎಲ್ಲರೂ ಅತಿಥಿಯ ಕಾರಿನ ಹಿಂದೆ ಓಡುವುದು, ಸೆಲ್ಫಿ ತೆಗೆಯುವುದು. ಮೇಲಿನವರ ಜೊತೆಗಿನ ನಂಟು ವಶೀಲಿ ಆಗುತ್ತದೆ. ಸರೀಕರ ಜೊತೆಗಿನ ನಂಟು ಬಲ ಆಗುತ್ತದೆ. ಮರಳಿನ ಲಾರಿಯ ಫೋಟೊ ತೆಗೆದ ಹಳ್ಳಿಯ ವರದಿಗಾರನಿಗೆ ರಾತ್ರಿ ಹನ್ನೊಂದಕ್ಕೆ ಬೆದರಿಕೆಯ ಫೋನು ಬಂದರೆ ಅವನು ಯಾರಿಗೆ ಫೋನು ಮಾಡಬೇಕು? ಅವನಿಗೆ ಸಂಬಳದ ಚೀಟಿಯಿಲ್ಲ, ಸಂಸ್ಥೆಯ ವಕೀಲರಿಲ್ಲ. ಸೆಲ್ಫಿಯಲ್ಲಿರುವ ಅತಿಥಿ ಆ ಹೊತ್ತಿಗೆ ಫೋನು ಎತ್ತುವುದಿಲ್ಲ. ಪಕ್ಕದ ತಾಲ್ಲೂಕಿನ ಇನ್ನೊಬ್ಬ ವರದಿಗಾರ ಎತ್ತುತ್ತಾನೆ. ಅವನ ನಂಬರು ಇದ್ದರೆ.

ಹಾಗಾದರೆ ಮಾಡುವುದೇನು?

ಬರೀ ಬೈದು ಸುಮ್ಮನಾಗುವುದು ನಮ್ಮ ಉದ್ದೇಶವಲ್ಲ. ಇವು ದುಡ್ಡು ಬೇಡದ, ಇವತ್ತೇ ಮಾಡಬಹುದಾದ ಕೆಲಸಗಳು. ನಿಮ್ಮ ಸಂಘ, ಸೊಸೈಟಿ, ಶಾಲೆಯ ಕಾರ್ಯಕ್ರಮಕ್ಕೂ ಹೊಂದುತ್ತವೆ.

1. ಮಾತುಕತೆಯನ್ನು ಉದ್ಘಾಟನೆಗಿಂತ ಮೊದಲು ಇಡಿ. ಅತಿಥಿ ತಡವಾಗಿ ಬರುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತು. 10.30ಕ್ಕೆ ಬಂದವರು 12.10ರವರೆಗೆ ಏನು ಮಾಡಬೇಕು? ಆ ನೂರು ನಿಮಿಷ ನಮ್ಮದು. ಅತಿಥಿ ತಡ ಮಾಡಿದಷ್ಟೂ ನಮಗೆ ಲಾಭ.

2. ಕುರ್ಚಿ ತಿರುಗಿಸಿ. ಎಂಟೆಂಟು ಕುರ್ಚಿಯ ದುಂಡು ಮಾಡಿ. ಬಾಗಿಲಲ್ಲೇ ಒಂದರಿಂದ ಹದಿನೈದರವರೆಗೆ ನಂಬರಿನ ಚೀಟಿ ಕೊಡಿ. ಜೊತೆಗೆ ಬಂದವರಿಗೆ ಬೇರೆ ಬೇರೆ ನಂಬರು ಹೋಗಲಿ. ಒಂದೇ ತಾಲ್ಲೂಕಿನ ಇಬ್ಬರು ಒಂದೇ ದುಂಡಿನಲ್ಲಿ ಕೂಡದ ಹಾಗೆ ಆದಷ್ಟು ನೋಡಿಕೊಳ್ಳಿ. ಮೊದಲು ಐದು ನಿಮಿಷ ಮುಜುಗರ ಆಗುತ್ತದೆ, ಆಗಲಿ.

3. ಎದೆಯ ಚೀಟಿಯಲ್ಲಿ ಹುದ್ದೆ ಬರೆಯಬೇಡಿ. ಹೆಸರು, ಊರು, ಅದರ ಕೆಳಗೆ ಎರಡು ಸಾಲು: ‘ನನಗೆ ಗೊತ್ತಿರುವುದು’, ‘ನನಗೆ ಬೇಕಾಗಿರುವುದು’. ಒಬ್ಬರು ‘ಪಹಣಿ ತಿದ್ದುಪಡಿ ಗೊತ್ತು, ಫೋಟೊ ಕಲಿಯಬೇಕು’ ಅಂತ ಬರೆಯಲಿ. ಇನ್ನೊಬ್ಬರು ‘ಡ್ರಿಪ್ ಗೊತ್ತು, ಶುಂಠಿಗೆ ಮಾರುಕಟ್ಟೆ ಬೇಕು’ ಅಂತ ಬರೆಯಲಿ. ‘ನಮಸ್ಕಾರ, ಆರಾಮಾ?’ ಅನ್ನುವುದು ಮುಗಿದ ಮೇಲೆ ಏನು ಮಾತಾಡಬೇಕು ಎಂಬ ಕಷ್ಟ ಅಲ್ಲಿಗೆ ಬಗೆಹರಿಯುತ್ತದೆ. ಬರೆಯಲು ಬಾರದವರಿಗೆ ಬಾಗಿಲಲ್ಲಿರುವ ಸ್ವಯಂಸೇವಕರು ಕೇಳಿ ಬರೆದುಕೊಡಲಿ.

4. ದುಂಡಿಗೆ ಒಂದೇ ಪ್ರಶ್ನೆ ಕೊಡಿ, ಉಪದೇಶದ ವಿಷಯ ಬೇಡ. ‘ಪತ್ರಿಕೋದ್ಯಮದ ಸವಾಲುಗಳು’ ಅಂದರೆ ಎಲ್ಲರೂ ಭಾಷಣ ಮಾಡುತ್ತಾರೆ. ‘ಈ ವರ್ಷ ನೀವು ಬರೆದು ಅರ್ಧಕ್ಕೆ ನಿಂತ ಸುದ್ದಿ ಯಾವುದು?’ ಅಂತ ಕೇಳಿ. ರೈತರಾದರೆ ‘ಈ ಹಂಗಾಮಿನಲ್ಲಿ ಕೈಕೊಟ್ಟದ್ದು ಯಾವುದು?’ ನಮ್ಮ ಬೀಜದ ಲಾಟು ಈ ಪ್ರಶ್ನೆಗೆ ಹತ್ತು ನಿಮಿಷದಲ್ಲಿ ಹೊರಗೆ ಬರುತ್ತಿತ್ತು.

5. ಹೆಣ್ಣುಮಕ್ಕಳ ಬಸ್ಸಿನ ಹೊತ್ತು ನೋಡಿ ಕಾರ್ಯಕ್ರಮ ಮುಗಿಸಿ. ಊರಿಗೆ ಕೊನೆಯ ಬಸ್ಸು ಐದಕ್ಕೆ ಇದ್ದರೆ ಅವರು ಮೂರಕ್ಕೇ ಚಡಪಡಿಸುತ್ತಾರೆ, ಮಾತು ಎಲ್ಲಿಂದ ಬರಬೇಕು? ಅವರ ನಂಬರನ್ನು ಕೇಳದೆ ಯಾವ ವಾಟ್ಸ್ಆ್ಯಪ್ ಗುಂಪಿಗೂ ಹಾಕಬೇಡಿ. ಒಂದು ಹಾಳೆ ಇಡಿ, ಯಾರಿಗೆ ಇಷ್ಟವೋ ಅವರೇ ಬರೆಯಲಿ.

6. ಹದಿನೈದು ದಿನದ ಮೇಲೆ ಒಂದು ಫೋನು. ಪ್ರತಿ ದುಂಡಿನಿಂದ ಒಬ್ಬರು ಉಳಿದ ಏಳು ಜನಕ್ಕೆ ಫೋನು ಮಾಡಿ “ಆವತ್ತು ಹೇಳಿದ ಕೆಲಸ ಏನಾಯ್ತು?” ಅಂತ ಕೇಳಬೇಕು. ಈ ಫೋನು ಇಲ್ಲದಿದ್ದರೆ ಪರಿಚಯ ಊಟದ ತಟ್ಟೆಯ ಜೊತೆಗೇ ತೊಳೆದುಹೋಗುತ್ತದೆ.

ಇಷ್ಟು ಮಾಡಿದರೂ ಎಲ್ಲರಿಗೂ ಎಲ್ಲರೂ ಸಿಗುವುದಿಲ್ಲ. 120 ಜನರಲ್ಲಿ ಮನೆಗೆ ಹೋಗುವಾಗ ಒಬ್ಬೊಬ್ಬರಿಗೂ ಬೇರೆ ತಾಲ್ಲೂಕಿನ ಇಬ್ಬರ ನಂಬರು, ಅವರು ಯಾವ ವಿಷಯದಲ್ಲಿ ಗಟ್ಟಿ ಎಂಬ ತಿಳಿವಳಿಕೆ ಇದ್ದರೆ ಆ ದಿನ ಸಾರ್ಥಕ. ಜಿಲ್ಲೆಯಲ್ಲಿ ಕಳಪೆ ಬೀಜ ಮಾರುವವರು, ತೂಕದಲ್ಲಿ ಹೊಡೆಯುವವರು, ಹೊಳೆಯ ಮರಳು ಬಗೆಯುವವರು ಒಬ್ಬರಿಗೊಬ್ಬರು ಚೆನ್ನಾಗಿ ಪರಿಚಯ ಇದ್ದಾರೆ. ಅವರಿಗೆ ಯಾವ ಸಮಾವೇಶವೂ ಬೇಕಾಗಿಲ್ಲ. ಪರಿಚಯ ಇಲ್ಲದವರು ನಾವು ಮಾತ್ರ: ಕಳಕೊಂಡ ರೈತರು, ಮತ್ತು ಅದನ್ನು ಎಂಟು ಸಾಲಿನಲ್ಲಿ ಬರೆಯುವವರು.

ನಮ್ಮೂರಲ್ಲಿ ವರದೆ ಬಂದು ತುಂಗಭದ್ರೆಗೆ ಸೇರುತ್ತಾಳೆ. ದಂಡೆಯ ಮೇಲೆ ಗಳಗೇಶ್ವರ ಕೂತಿದ್ದಾನೆ. ಮುಂದಿನ ಜುಲೈಗೆ ಆ ಗುಡಿಯ ಹತ್ತಿರ ನೆರಳು ನೋಡಿ ನಾವೇ ಒಂದು ದಿನ ಸೇರಬೇಕು ಅಂದುಕೊಂಡಿದ್ದೇವೆ. ಸೋಫಾ ಇರುವುದಿಲ್ಲ, ಮೈಕು ಇರುವುದಿಲ್ಲ. ಯಾರಿಗೂ ಶಾಲು ಇಲ್ಲ, ನಮಗೂ ಇಲ್ಲ. ಚಾಪೆ ಇರುತ್ತದೆ, ರೊಟ್ಟಿ ಇರುತ್ತದೆ, ಎದೆಗೆ ಚುಚ್ಚಿಕೊಳ್ಳಲು ಚೀಟಿ ಇರುತ್ತದೆ. ರೈತರೂ ಬರಬಹುದು, ಮೇಷ್ಟ್ರೂ ಬರಬಹುದು.

ಬರುವಾಗ ಒಂದು ತಯಾರಿ ಮಾಡಿಕೊಂಡು ಬನ್ನಿ. ಈ ಹಂಗಾಮಿನ ಬೀಜದ ಚೀಲ, ಚೀಟಿ, ಬಿಲ್ಲು ಮೂರನ್ನೂ ಎಸೆಯದೆ ಎತ್ತಿಡಿ. ಲಾಟ್ ನಂಬರಿನ ಫೋಟೊ ಫೋನಿನಲ್ಲಿರಲಿ. ಈ ಸಲ ಊಟದ ಸಾಲಿನವರೆಗೆ ಕಾಯುವುದು ಬೇಡ.